ನಿಮ್ಮ ಕೇಸು ಯಾವ ಕೋರ್ಟಿನಲ್ಲಿದೆ, ಅಲ್ಲಿ ಯಾರನ್ನು ಏನು ಕೇಳಬೇಕು?

‘ಸಮನ್ಸ್ ಬಂದಿದೆ, ಯಾವ ಕೋರ್ಟಿಗೆ ಹೋಗಬೇಕೋ ತಿಳಿಯುತ್ತಿಲ್ಲ.’ ‘ಎ.ಸಿ. ಕೋರ್ಟಿನಲ್ಲಿ ನಮ್ಮ ಪರವಾಗಿಯೇ ಆಗಿತ್ತು, ಈಗ ಸಿವಿಲ್ ಕೋರ್ಟಿನಿಂದ ನೋಟಿಸು ಏಕೆ ಬಂತು?’ ‘ದೂರು ಕೊಟ್ಟವರು ನಾವು, ನಮ್ಮ ವಕೀಲರಿಗೇ ಮಾತಾಡಲು ಬಿಡುತ್ತಿಲ್ಲವಲ್ಲ?’ ಓದುಗರು ಈ ಮೂರನ್ನು ಕೇಳುತ್ತಲೇ ಇರುತ್ತಾರೆ. ಕೋರ್ಟುಗಳ ಮೆಟ್ಟಿಲು ಹೇಗಿದೆ, ಒಂದೊಂದು ಮೆಟ್ಟಿಲಲ್ಲಿ ಕುಳಿತವರ ಕೆಲಸ ಏನು ಎಂದು ತಿಳಿದರೆ ಮೂರಕ್ಕೂ ಉತ್ತರ ಸಿಗುತ್ತದೆ. ಕಾನೂನು ಗೊತ್ತಿಲ್ಲದೆ ಕೆಟ್ಟವರಿಗಿಂತ, ಕೇಳಬಾರದವರನ್ನು ಕೇಳಿ ಕೆಟ್ಟವರೇ ಜಾಸ್ತಿ. ಇಲ್ಲಿ ಹೇಳುವುದೆಲ್ಲ ಕರ್ನಾಟಕದ ಕೋರ್ಟುಗಳ ವಿಚಾರ.

ಮೊದಲು ಕೈಯಲ್ಲಿ ಇವಿಷ್ಟು ಇರಲಿ: ಬಂದ ಸಮನ್ಸ್ ಅಥವಾ ನೋಟಿಸಿನ ಎಲ್ಲ ಪುಟಗಳು, ಅದು ನಿಮ್ಮ ಕೈಗೆ ಸಿಕ್ಕಿದ ತಾರೀಖು, ಗುರುತಿನ ಚೀಟಿ, ಒಂದು ನೋಟ್‌ಬುಕ್. ತಾರೀಖನ್ನು ಕಾಗದದ ಮೂಲೆಯಲ್ಲೇ ಬರೆದಿಡಿ. ಮುಂದೆ ದಿನ ಎಣಿಸುವ ಲೆಕ್ಕವೆಲ್ಲ ಅಲ್ಲಿಂದಲೇ.

1. ಕೇಸಿನ ನಂಬರನ್ನು ಬಿಡಿಸಿ ಓದಿ

ಕಾಗದದ ಮೇಲ್ಭಾಗದಲ್ಲಿ ‘ಓ.ಎಸ್. 125/2023’ ಎಂದಿದೆ ಅಂದುಕೊಳ್ಳಿ. ಕೊನೆಯದು ಕೇಸು ದಾಖಲಾದ ವರ್ಷ, ನಡುವಿನದು ಆ ವರ್ಷದ ಕ್ರಮಸಂಖ್ಯೆ. ಮೊದಲಿನ ಅಕ್ಷರಗಳು ಕೇಸಿನ ಜಾತಿ ಹೇಳುತ್ತವೆ. ಓ.ಎಸ್. ಎಂದರೆ ಅಸಲು ದಾವೆ, ಅಂದರೆ ಆಸ್ತಿ, ಹಣ, ಪಾಲು ಇಂಥ ಸಿವಿಲ್ ವ್ಯಾಜ್ಯ. ಸಿ.ಸಿ. ಎಂದರೆ ಮ್ಯಾಜಿಸ್ಟ್ರೇಟರ ಮುಂದಿರುವ ಕ್ರಿಮಿನಲ್ ಕೇಸು. ಚೆಕ್ ಬೌನ್ಸ್ ಕೂಡ ಇದೇ ಸಾಲಿಗೆ ಬರುತ್ತದೆ. ಎಸ್.ಸಿ. ಎಂದರೆ ಸೆಷನ್ಸ್ ಕೇಸು, ಅಂದರೆ ಕೊಲೆಯಂಥ ಗಂಭೀರ ಅಪರಾಧದ್ದು. ಎಂ.ವಿ.ಸಿ. ವಾಹನ ಅಪಘಾತದ ಪರಿಹಾರದ್ದು, ಎಂ.ಸಿ. ದಾಂಪತ್ಯಕ್ಕೆ ಸಂಬಂಧಿಸಿದ್ದು, ಆರ್.ಎ. ಮೇಲ್ಮನವಿ.

ಇದರ ಜತೆಗೆ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ನಮ್ಮ ರಾಜ್ಯದ್ದಾದರೆ ‘ಕೆ.ಎ.’ಯಿಂದ ಶುರು. ಇ-ಕೋರ್ಟ್ಸ್ ಜಾಲತಾಣದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಅದನ್ನು ಹಾಕಿದರೆ ಕೇಸು ಯಾವ ಕೋರ್ಟಿನಲ್ಲಿದೆ, ಮುಂದಿನ ವಾಯಿದೆ ಯಾವತ್ತು, ಯಾವ ಹಂತದಲ್ಲಿದೆ ಎಂಬುದೆಲ್ಲ ಕಾಣುತ್ತದೆ. ದುಡ್ಡು ಕೊಡಬೇಕಿಲ್ಲ.

ಎಚ್ಚರಿಕೆ: ಕೇಸು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹೋದಾಗ ನಂಬರು ಬದಲಾಗಬಹುದು. ಕೊಲೆ ಪ್ರಕರಣದ ದೋಷಾರೋಪ ಪಟ್ಟಿಯೂ ಮೊದಲು ಹೋಗುವುದು ಮ್ಯಾಜಿಸ್ಟ್ರೇಟರಲ್ಲಿಗೇ. ಅವರು ಅದನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ ಮೇಲೆ ಸಿ.ಸಿ. ಹೋಗಿ ಎಸ್.ಸಿ. ಆಗುತ್ತದೆ. ಹಳೆಯ ನಂಬರಿನಲ್ಲಿ ಹುಡುಕಿ ‘ಕೇಸೇ ಮುಗಿದುಹೋಗಿದೆ’ ಎಂದು ನಿರಾಳರಾಗಿ ಕೂತವರ ಮನೆಗೆ ವಾರಂಟ್ ಬಂದದ್ದುಂಟು.

2. ಅದು ನಿಜಕ್ಕೂ ಕೋರ್ಟೇ ಎಂದು ನೋಡಿ

ನಮ್ಮಲ್ಲಿ ‘ಕೋರ್ಟು’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತೇವೆ. ತಹಶೀಲ್ದಾರ್ ಕೋರ್ಟು, ಎ.ಸಿ. ಕೋರ್ಟು, ಡಿ.ಸಿ. ಕೋರ್ಟು ಇವೆಲ್ಲ ಕಂದಾಯ ಇಲಾಖೆಯ ಅಧಿಕಾರಿಗಳು ನಡೆಸುವ ವಿಚಾರಣೆಗಳು. ಅಲ್ಲಿ ಕೂತವರು ನ್ಯಾಯಾಧೀಶರಲ್ಲ. ಪಹಣಿಯಲ್ಲಿ ಯಾರ ಹೆಸರು ಇರಬೇಕು ಎಂಬ ಮ್ಯುಟೇಶನ್ ತಕರಾರು ಮೇಲ್ಮನವಿಯಾಗಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಮುಂದೆ ಹೋಗುತ್ತದೆ, ಅದರ ಮೇಲೆ ಜಿಲ್ಲಾಧಿಕಾರಿ. ಆದರೆ ಜಮೀನು ನಿಜವಾಗಿ ಯಾರದು ಎಂಬುದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು ಮಾತ್ರ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಎ.ಸಿ. ಹತ್ತಿರ ಗೆದ್ದವರಿಗೂ ಸಿವಿಲ್ ಕೋರ್ಟಿನ ನೋಟಿಸು ಬರುವುದು ಇದಕ್ಕೇ. ಅದನ್ನು ‘ಆಗಲೇ ಗೆದ್ದಾಗಿದೆ’ ಎಂದು ಮೂಲೆಗೆ ಹಾಕುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದುಬಾರಿಯದು.

ಹಿರಿಯ ನಾಗರಿಕರ ಜೀವನಾಂಶದ ಅರ್ಜಿಗಳೂ 2007ರ ಕಾಯ್ದೆಯಂತೆ ಎ.ಸಿ. ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹೋಗುತ್ತವೆ. ಗ್ರಾಹಕರ ದೂರಿಗೆ ಬೇರೆಯೇ ಆಯೋಗಗಳಿವೆ: ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ನಷ್ಟ ಎಷ್ಟಾಯಿತು ಎಂಬುದಲ್ಲ, ಆ ವಸ್ತುವಿಗೋ ಸೇವೆಗೋ ನೀವು ಎಷ್ಟು ಕೊಟ್ಟಿರಿ ಎಂಬುದೇ ಇಲ್ಲಿ ಲೆಕ್ಕ.

3. ಮೆಟ್ಟಿಲು ಗುರುತಿಸಿ

ತಾಲ್ಲೂಕಿನ ಕೋರ್ಟಿನ ಮುಂದೆ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಎಂಬ ಬೋರ್ಡು ಕಾಣುತ್ತದೆ. ಇದು ಇಬ್ಬರಲ್ಲ, ಒಬ್ಬರೇ. ದಾವೆ ನಡೆಸುವಾಗ ಅವರು ಸಿವಿಲ್ ನ್ಯಾಯಾಧೀಶರು. ಕ್ರಿಮಿನಲ್ ಕೇಸು ಕೈಗೆತ್ತಿಕೊಂಡಾಗ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ, ಅಂದರೆ ಜೆ.ಎಂ.ಎಫ್.ಸಿ. ಜಿಲ್ಲಾ ಮಟ್ಟದಲ್ಲೂ ಹೀಗೆಯೇ: ಸಿವಿಲ್ ಕೇಸಿಗೆ ‘ಜಿಲ್ಲಾ ನ್ಯಾಯಾಧೀಶರು’, ಕ್ರಿಮಿನಲ್‌ಗೆ ‘ಸೆಷನ್ಸ್ ನ್ಯಾಯಾಧೀಶರು’.

ಸಿವಿಲ್ ಕಡೆ ಕೆಳಗಿನಿಂದ ಸಿವಿಲ್ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಧೀಶರು. ಮೊದಲ ಇಬ್ಬರಲ್ಲಿ ದಾವೆ ಯಾರ ಮುಂದೆ ಎಂಬುದು ವ್ಯಾಜ್ಯದ ಮೌಲ್ಯದ ಮೇಲೆ ನಿಂತಿದೆ. ಆ ಮಿತಿಯನ್ನು ಸರ್ಕಾರ ಆಗಾಗ ತಿದ್ದುಪಡಿ ಮಾಡುವುದರಿಂದ ಹಳೆಯ ಪುಸ್ತಕದ ಅಂಕಿ ನಂಬಿ ದಾವೆ ಹಾಕಬೇಡಿ. ಬೆಂಗಳೂರು ನಗರದ ವ್ಯವಸ್ಥೆ ಬೇರೆ. ಅಲ್ಲಿ 1979ರ ಕಾಯ್ದೆಯಡಿ ಸಿಟಿ ಸಿವಿಲ್ ಕೋರ್ಟು ಇದೆ, ಅದರ ತೀರ್ಪಿನ ಮೇಲ್ಮನವಿ ನೇರವಾಗಿ ಹೈಕೋರ್ಟಿಗೆ.

ಕ್ರಿಮಿನಲ್ ಕಡೆ ಅಳತೆಗೋಲು ಶಿಕ್ಷೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಸಮುದಾಯ ಸೇವೆ ಮಾಡಿ ಎಂದೂ ಹೇಳಬಹುದು. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, ಅಂದರೆ ಸಿ.ಜೆ.ಎಂ., 7 ವರ್ಷದವರೆಗೆ. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು, ಆದರೆ ಅವರು ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ದೃಢಪಡಿಸುವವರೆಗೆ ಜಾರಿ ಮಾಡುವಂತಿಲ್ಲ.

ಕೌಟುಂಬಿಕ ನ್ಯಾಯಾಲಯ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದಿರುವ ಪೋಕ್ಸೊ ವಿಶೇಷ ನ್ಯಾಯಾಲಯ, ಕಾರ್ಮಿಕ ನ್ಯಾಯಾಲಯ, ವಾಣಿಜ್ಯ ನ್ಯಾಯಾಲಯ ಇವು ವಿಷಯಕ್ಕೆ ತಕ್ಕಂತೆ ಮಾಡಿದವು. ಒಂದು ಮಾತು ನೆನಪಿರಲಿ: ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು.

ಎಚ್ಚರಿಕೆ: ‘1ನೇ ಹೆಚ್ಚುವರಿ’, ‘2ನೇ ಹೆಚ್ಚುವರಿ’ ಎಂಬುದು ಕಡಿಮೆ ದರ್ಜೆಯ ಕೋರ್ಟಲ್ಲ. ವಿಚಾರಣೆಯ ಅಧಿಕಾರ ‘ಪ್ರಧಾನ’ದವರಿಗೆ ಸಮನಾದದ್ದೇ. ಕೇಸು ಹಂಚುವುದು, ಸಿಬ್ಬಂದಿ, ಆಡಳಿತ ಇವು ಮಾತ್ರ ಪ್ರಧಾನ ನ್ಯಾಯಾಧೀಶರ ಹೆಚ್ಚಿನ ಹೊಣೆ. ‘ನಮ್ಮ ಕೇಸನ್ನು ಚಿಕ್ಕ ಕೋರ್ಟಿಗೆ ತಳ್ಳಿದರು’ ಎಂದು ಕೊರಗಬೇಕಿಲ್ಲ.

4. ಕೋರ್ಟ್ ಹಾಲ್‌ನಲ್ಲಿ ಯಾರು ಎಲ್ಲಿ ಕೂರುತ್ತಾರೆ

ಎತ್ತರದ ಪೀಠದಲ್ಲಿ ನ್ಯಾಯಾಧೀಶರು. ಸಿನಿಮಾದಲ್ಲಿ ಮರದ ಸುತ್ತಿಗೆ ಬಡಿದು ‘ಆರ್ಡರ್ ಆರ್ಡರ್’ ಎನ್ನುವುದು ಇಲ್ಲಿ ನಡೆಯುವುದಿಲ್ಲ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆಯೂ ಇಲ್ಲ, ಜ್ಯೂರಿಯೂ ಇಲ್ಲ. ಸತ್ಯಾಂಶ ತೂಗುವುದೂ ಕಾನೂನು ಅನ್ವಯಿಸುವುದೂ ಆ ಒಬ್ಬರದೇ ಕೆಲಸ.

ಪೀಠದ ಕೆಳಗೆ, ಕಡತಗಳ ರಾಶಿಯ ಹಿಂದೆ ಕಾಣುವವರು ಬೆಂಚ್ ಕ್ಲರ್ಕ್. ಅಂದಿನ ಪಟ್ಟಿಯ ಕಡತಗಳನ್ನು ಒಂದೊಂದಾಗಿ ಮೇಲಕ್ಕೆ ಕೊಡುವುದು, ಹಾಜರಿ ಗುರುತಿಸುವುದು, ಹಾಜರುಪಡಿಸಿದ ದಾಖಲೆಗಳಿಗೆ ಗುರುತು ಹಾಕುವುದು, ಮುಂದಿನ ವಾಯಿದೆ ಬರೆದುಕೊಳ್ಳುವುದು ಅವರ ಕೆಲಸ. ನಿಮ್ಮ ಮುಂದಿನ ತಾರೀಖನ್ನು ಖಚಿತವಾಗಿ ಹೇಳಬಲ್ಲವರು ಇವರೇ. ಕಲಾಪ ನಡೆಯುವಾಗ ಅವರ ಮೇಜಿನ ಮೇಲೆ ಬಾಗಿ ಮಾತಾಡಿಸಬೇಡಿ, ಬಿಡುವಿನ ಹೊತ್ತು ನೋಡಿ ಕೇಳಿ. ಪಕ್ಕದಲ್ಲಿ ಶೀಘ್ರಲಿಪಿಗಾರರು ಅಥವಾ ಬೆರಳಚ್ಚುಗಾರರು. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಬರೆಸುತ್ತ ಹೋದಂತೆ ಅವರು ಟೈಪು ಮಾಡುತ್ತಾರೆ. ನೀವು ಸಾಕ್ಷಿಯಾಗಿದ್ದರೆ ಕೊನೆಗೆ ಆ ಹಾಳೆಗಳಿಗೆ ಸಹಿ ಹಾಕಬೇಕಾಗುತ್ತದೆ. ಓದಿ, ಇಲ್ಲವೇ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ತಪ್ಪಿದ್ದರೆ ಆ ಕ್ಷಣದಲ್ಲೇ ‘ಸ್ವಾಮಿ, ನಾನು ಹೀಗೆ ಹೇಳಲಿಲ್ಲ’ ಎನ್ನಬಹುದು. ಮನೆಗೆ ಹೋದ ಮೇಲೆ ನೆನಪಾದರೆ ಸರಿಪಡಿಸುವುದು ಬಹಳ ಕಷ್ಟ.

ಬಾಗಿಲ ಬಳಿ ನಿಂತು ಹೆಸರು ಕೂಗುವವರು ಅಟೆಂಡರ್. ಕ್ರಿಮಿನಲ್ ಕೋರ್ಟಿನಲ್ಲಿ ಕಾಣುವ ಪೊಲೀಸರಲ್ಲಿ ಒಬ್ಬರು ಕೋರ್ಟ್ ಕಾನ್‌ಸ್ಟೆಬಲ್. ಠಾಣೆಗೂ ಕೋರ್ಟಿಗೂ ನಡುವೆ ಸಮನ್ಸ್, ವಾರಂಟ್, ಕಡತಗಳ ಓಡಾಟ ನೋಡಿಕೊಳ್ಳುತ್ತಾರೆ.

5. ಹಾಲ್‌ನ ಹಿಂದಿನ ಕಚೇರಿ

ಅರ್ಜಿ ಕೊಡುವುದು, ಶುಲ್ಕ ಕಟ್ಟುವುದು, ನಕಲು ಪಡೆಯುವುದು ಎಲ್ಲ ಇಲ್ಲಿ. ಕಚೇರಿಯ ಮುಖ್ಯಸ್ಥರು ಶಿರಸ್ತೇದಾರರು. ಹೊಸದಾಗಿ ಬಂದ ದಾವೆಯಲ್ಲಿ ಕೋರ್ಟ್ ಶುಲ್ಕ ಸರಿಯಿದೆಯೇ, ದಾಖಲೆ ಪೂರ್ತಿಯಿದೆಯೇ ಎಂದು ಪರಿಶೀಲಿಸಿ ಆಕ್ಷೇಪಣೆ ಬರೆಯುತ್ತಾರೆ. ಆ ಆಕ್ಷೇಪಣೆ ತೀರ್ಪಲ್ಲ. ಕೊರತೆ ತುಂಬಿಸಿಕೊಡಿ ಎಂಬ ಸೂಚನೆ. ಅವರ ಕೈಕೆಳಗೆ ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರಿದ್ದು ಶಾಖೆಗಳನ್ನು ಹಂಚಿಕೊಂಡಿರುತ್ತಾರೆ.

ಸಮನ್ಸ್ ಹೊತ್ತು ಮನೆ ಬಾಗಿಲಿಗೆ ಬರುವವರು ಆದೇಶ ಜಾರಿಕಾರರು. ಡಿಕ್ರಿ, ಅಂದರೆ ಸಿವಿಲ್ ತೀರ್ಪಿನಂತೆ ಹೊರಡುವ ಆದೇಶದ ಜಾರಿಗೆ, ಸ್ವಾಧೀನ ಕೊಡಿಸಲು, ಜಪ್ತಿಗೆ ಬರುವವರು ಅಮೀನರು. ಕೆಲವೆಡೆ ಬೇಲಿಫ್ ಎನ್ನುತ್ತಾರೆ. ಇವರು ಆದೇಶ ಹೊತ್ತು ತರುವವರೇ ಹೊರತು ಆದೇಶ ಮಾಡುವವರಲ್ಲ. ಅವರ ಹತ್ತಿರ ಜಗಳ ಕಾದು ಪ್ರಯೋಜನವಿಲ್ಲ, ಅಡ್ಡಿ ಮಾಡಿದರೆ ನಿಮಗೇ ತೊಂದರೆ. ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸೇ ನಡೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸುಳ್ಳು. ನಿರಾಕರಿಸಿದರೆಂದು ವರದಿಯಾಗುತ್ತದೆ, ಬಾಗಿಲಿಗೆ ಅಂಟಿಸಿಯೂ ಜಾರಿ ಮಾಡಬಹುದು, ಆಮೇಲೆ ನೀವಿಲ್ಲದೆಯೇ ಏಕಪಕ್ಷೀಯವಾಗಿ ವಿಚಾರಣೆ ಮುಂದುವರಿಯುತ್ತದೆ.

ಎಚ್ಚರಿಕೆ: ಸಿಬ್ಬಂದಿಯನ್ನು ತಾರೀಖು, ಹಂತ, ಶುಲ್ಕ, ನಕಲು ಇವುಗಳ ಬಗ್ಗೆ ಕೇಳಿ. ‘ನಾನು ಗೆಲ್ಲುತ್ತೇನಾ’, ‘ರಾಜಿ ಮಾಡಿಕೊಳ್ಳಲಾ’ ಎಂದು ಕೇಳಬೇಡಿ. ಹೇಳುವ ಅಧಿಕಾರ ಅವರಿಗಿಲ್ಲ, ಯಾರಾದರೂ ಹೇಳಿದರೂ ಅದನ್ನು ನೆಚ್ಚುವಂತಿಲ್ಲ. ನಿಗದಿತ ಶುಲ್ಕ ಬಿಟ್ಟು ಯಾರಿಗೂ ಏನೂ ಕೊಡಬೇಕಿಲ್ಲ. ‘ಸಾಹೇಬರಿಗೆ ಹೇಳಿಸುತ್ತೇನೆ’ ಎನ್ನುವವರು ಕೋರ್ಟಿನ ಹೊರಗಿನ ಟೀ ಅಂಗಡಿಯಲ್ಲಿ ಸಿಕ್ಕೇ ಸಿಗುತ್ತಾರೆ, ಅವರಿಂದ ದೂರವಿರಿ. ಸಿಬ್ಬಂದಿ ಹಣ ಕೇಳಿದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಲಿಖಿತ ದೂರು ಕೊಡಬಹುದು. ನ್ಯಾಯಾಧೀಶರ ನಡತೆಯ ಮೇಲಿನ ದೂರು ಹೈಕೋರ್ಟಿನ ವಿಚಕ್ಷಣಾ ರಿಜಿಸ್ಟ್ರಾರ್‌ಗೆ, ಪ್ರಮಾಣಪತ್ರ (ಅಫಿಡವಿಟ್) ಮತ್ತು ಆಧಾರಗಳೊಂದಿಗೆ. ತೀರ್ಪು ಹಿಡಿಸಲಿಲ್ಲ ಎಂಬುದು ದೂರಿಗೆ ಕಾರಣವಲ್ಲ, ಅದಕ್ಕಿರುವ ದಾರಿ ಮೇಲ್ಮನವಿ.

6. ಯಾವ ವಕೀಲರು ಯಾರ ಪರ

ಪೊಲೀಸರು ದಾಖಲಿಸಿದ ಕ್ರಿಮಿನಲ್ ಕೇಸು ಕಾನೂನಿನ ಕಣ್ಣಿಗೆ ಸರ್ಕಾರಕ್ಕೂ ಆರೋಪಿಗೂ ನಡುವಿನದು. ದೂರು ಕೊಟ್ಟ ನೀವು ಅಲ್ಲಿ ಸಾಕ್ಷಿ. ಕೇಸು ನಡೆಸುವವರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎ.ಪಿ.ಪಿ.; ಸೆಷನ್ಸ್‌ನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್. ಸಂತ್ರಸ್ತರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಕೋರ್ಟಿನ ಅನುಮತಿ ಪಡೆದು, ಅಭಿಯೋಜಕರಿಗೆ ನೆರವಾಗಲು. ಅವರ ಬದಲಿಗೆ ಅಲ್ಲ. ಚೆಕ್ ಬೌನ್ಸ್‌ನಂಥ ಖಾಸಗಿ ದೂರಿನ ಮಾತು ಬೇರೆ, ಅಲ್ಲಿ ಫಿರ್ಯಾದಿಯ ವಕೀಲರೇ ಕೇಸು ನಡೆಸುತ್ತಾರೆ.

ಸಾಕ್ಷಿ ಹೇಳುವ ಮುನ್ನ ಎ.ಪಿ.ಪಿ. ಅವರನ್ನು ಒಮ್ಮೆ ಭೇಟಿಯಾಗಿ ನಿಮ್ಮ ಹಿಂದಿನ ಹೇಳಿಕೆ ಓದಿಸಿಕೊಳ್ಳಿ. ಅವರ ಕೈಯಲ್ಲಿ ಅಂದು ಹತ್ತಾರು ಕೇಸು ಇರುತ್ತವೆ, ತಾವಾಗಿ ಕರೆಯಲಿ ಎಂದು ಕಾಯಬೇಡಿ.

ಸಿವಿಲ್ ಕೇಸಿನಲ್ಲಿ ಸರ್ಕಾರದ ಪರ ನಿಲ್ಲುವವರು ಸರ್ಕಾರಿ ವಕೀಲರು. ನೀವು ನಿಮ್ಮ ವಕೀಲರಿಗೆ ಸಹಿ ಹಾಕಿಕೊಡುವ ಅಧಿಕಾರಪತ್ರವೇ ವಕಾಲತ್ತು. ಖಾಲಿ ಹಾಳೆಗೆ ಸಹಿ ಹಾಕಬೇಡಿ, ಮೂಲ ದಾಖಲೆ ಕೊಟ್ಟಾಗ ಪಟ್ಟಿ ಮಾಡಿ ಸಹಿ ಪಡೆಯಿರಿ. ವಕೀಲರ ಗುಮಾಸ್ತರು ಕೋರ್ಟಿನ ನೌಕರರಲ್ಲ, ವಕೀಲರ ಸಹಾಯಕರು.

ವಕೀಲರಿಗೆ ಕೊಡಲು ಹಣವಿಲ್ಲವೇ? ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿ ಇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ಸಹಾಯವಾಣಿ 15100. ಲೋಕ ಅದಾಲತ್ ನಡೆಸುವವರೂ ಇವರೇ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಒತ್ತಾಯಕ್ಕೆ ಒಪ್ಪಿ ಸಹಿ ಹಾಕಬೇಡಿ.

7. ವಾಯಿದೆ ದಿನ

ಕಲಾಪ ಸಾಮಾನ್ಯವಾಗಿ 11 ಗಂಟೆಗೆ. ಅರ್ಧ ಗಂಟೆ ಮುಂಚೆ ಹೋಗಿ ಬಾಗಿಲಲ್ಲಿ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಕೇಸಿನ ಕ್ರಮಸಂಖ್ಯೆ ನೋಡಿ. ಮೊಬೈಲ್ ಬಂದ್ ಮಾಡಿ. ಕರೆದಾಗ ವಕೀಲರು ಇನ್ನೊಂದು ಹಾಲ್‌ನಲ್ಲಿದ್ದರೆ ನೀವೇ ಎದ್ದು ನಿಂತು ‘ಹಾಜರಿದ್ದೇನೆ ಸ್ವಾಮಿ, ವಕೀಲರು ಬರುತ್ತಿದ್ದಾರೆ’ ಎನ್ನಿ. ಪಾಸ್‌ಓವರ್ ಸಿಗಬಹುದು, ಅಂದರೆ ಅದೇ ದಿನ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯುತ್ತಾರೆ. ಮೌನವಾಗಿ ಹಿಂದೆ ಕೂತರೆ ಗೈರುಹಾಜರಿ ದಾಖಲಾಗುತ್ತದೆ: ವಾದಿಯಾದರೆ ದಾವೆ ವಜಾ, ಆರೋಪಿಯಾದರೆ ಜಾಮೀನುರಹಿತ ವಾರಂಟ್ ಬರಬಹುದು.

ಸಿವಿಲ್ ದಾವೆಯ ಪ್ರತಿವಾದಿ ಸಮನ್ಸ್ ತಲುಪಿದ 30 ದಿನದಲ್ಲಿ ಲಿಖಿತ ಉತ್ತರ ಸಲ್ಲಿಸಬೇಕು. ಕಾರಣ ತೋರಿಸಿದರೆ 90 ದಿನದವರೆಗೆ ಸಮಯ ಕೊಡುತ್ತಾರೆ. ನ್ಯಾಯಾಧೀಶರು ವರ್ಗವಾದರೂ ಕೇಸು ಅದೇ ಕೋರ್ಟಿನಲ್ಲಿ ಉಳಿಯುತ್ತದೆ, ಅದುವರೆಗಿನ ಸಾಕ್ಷ್ಯವೂ ಹಾಗೇ ಇರುತ್ತದೆ.

8. ತೀರ್ಪಿನ ನಂತರ

ಸಿವಿಲ್ ಕೇಸಿನಲ್ಲಿ ಗೆದ್ದವರು ಡಿಕ್ರಿಯನ್ನು ಬೀರುವಿನಲ್ಲಿಟ್ಟು ಸುಮ್ಮನಾಗಬಾರದು. ಎದುರಿನವರು ತಾವಾಗಿ ಪಾಲಿಸದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ 12 ವರ್ಷದ ಅವಧಿ ಇದೆ. ಅಮೀನರ ಕೆಲಸ ಶುರುವಾಗುವುದು ಆಗಲೇ.

ಸೋತವರು ಮೊದಲು ಮಾಡಬೇಕಾದದ್ದು ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ. ಜೈಲುಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಕಲಿನ ಕೊನೆಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ಬರೆದಿರುತ್ತದೆ. ಮೇಲ್ಮನವಿಯ ಗಡುವು ಎಣಿಸುವಾಗ ನಕಲು ತಯಾರಾಗಲು ಹಿಡಿದ ದಿನಗಳನ್ನು ಬಿಡುತ್ತಾರೆ. ಸಿದ್ಧವಾದ ಮೇಲೂ ನೀವು ಹೋಗಿ ತೆಗೆದುಕೊಳ್ಳದೆ ಕಳೆದ ದಿನಗಳನ್ನು ಬಿಡುವುದಿಲ್ಲ.

ಗಡುವು ಹೀಗಿದೆ: ಸಿವಿಲ್ ಮೇಲ್ಮನವಿಗೆ ಹಿರಿಯ ಸಿವಿಲ್ ಅಥವಾ ಜಿಲ್ಲಾ ನ್ಯಾಯಾಧೀಶರ ಮುಂದೆ 30 ದಿನ, ಹೈಕೋರ್ಟಿಗೆ 90 ದಿನ. ಕ್ರಿಮಿನಲ್‌ನಲ್ಲಿ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ 30, ಹೈಕೋರ್ಟಿಗೆ 60, ಮರಣದಂಡನೆಯಾದರೆ 30.

ಹೈಕೋರ್ಟಿನ ಪ್ರಧಾನ ಪೀಠ ಬೆಂಗಳೂರಿನಲ್ಲಿ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಶುರುವಾಗಿ 2013ರಲ್ಲಿ ಕಾಯಂ ಆದವು. ಬೆಳಗಾವಿ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡದವರು ಧಾರವಾಡಕ್ಕೆ. ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿಗೆ. ಒಬ್ಬರೇ ನ್ಯಾಯಮೂರ್ತಿ ಕೂತರೆ ಏಕಸದಸ್ಯ ಪೀಠ, ಇಬ್ಬರಾದರೆ ವಿಭಾಗೀಯ ಪೀಠ. ಯಾವ ಬಗೆಯ ಕೇಸು ಯಾರ ಮುಂದೆ ಎಂದು ಹಂಚುವವರು ಮುಖ್ಯ ನ್ಯಾಯಮೂರ್ತಿ. ಅಲ್ಲಿನ ಕಲಾಪ ಇಂಗ್ಲಿಷಿನಲ್ಲಿ, ಹಾಗಾಗಿ ಕೆಳಗಿನ ಕೋರ್ಟಿನ ಕನ್ನಡ ದಾಖಲೆಗಳ ಅನುವಾದಕ್ಕೂ ಸಮಯ, ಹಣ ಎತ್ತಿಡಿ.

ಎರಡನೇ ಸಿವಿಲ್ ಮೇಲ್ಮನವಿಯಲ್ಲಿ ಸಾಕ್ಷಿಗಳನ್ನೆಲ್ಲ ಮತ್ತೆ ತೂಗಿ ನೋಡುವುದಿಲ್ಲ, ಗಣನೀಯವಾದ ಕಾನೂನಿನ ಪ್ರಶ್ನೆ ಇರಬೇಕು. ಸುಪ್ರೀಂ ಕೋರ್ಟಿಗೆ ಹೋಗುವವರ ಪೈಕಿ ಹೆಚ್ಚಿನವರು ಸಂವಿಧಾನದ 136ನೇ ವಿಧಿಯಡಿ ವಿಶೇಷ ಅನುಮತಿ ಅರ್ಜಿ ಹಾಕುತ್ತಾರೆ. ಅದು ಹೆಸರೇ ಹೇಳುವಂತೆ ಅನುಮತಿ ಕೇಳುವ ಅರ್ಜಿ. ಸಿಗದಿದ್ದರೆ ಹೈಕೋರ್ಟು ಹೇಳಿದ್ದೇ ನಿಲ್ಲುತ್ತದೆ.